ಮನೆ ಒಡೆದು ಕಟ್ಟುವಾಗ ಪಕ್ಕದ ಮನೆಗೆ ಹಾನಿಯಾದರೆ ಯಾವ ಇನ್ಶೂರೆನ್ಸ್ ಬರುತ್ತೆ?

ಹನುಮಂತನಗರದ ಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ. 30x40 ಸೈಟು, ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಒಂದೂ ಕಾಲಮ್ ಇಲ್ಲ. ಹಿಂದಿನ ಭಾಗ ಹಾಗೇ ಉಳಿಸಿಕೊಂಡು ಮುಂದಿನ ಅರ್ಧ ಕೆಡವಿ, ಕೆಳಗೆ ಪಾರ್ಕಿಂಗ್ ಮತ್ತು ಸಂಪು, ಮೇಲೆ ಎರಡು ರೂಮು ಕಟ್ಟೋ ಪ್ಲಾನು. ಪಾರ್ಕಿಂಗ್‌ಗೆ ರಸ್ತೆಯಿಂದ ನಾಲ್ಕೂವರೆ ಅಡಿ ಇಳೀಬೇಕು. ಎಡಗಡೆ ಮನೆ ಗೋಡೆಗೂ ನಾವು ತೋಡೋ ಗುಂಡಿಗೂ ಮಧ್ಯ ಇರೋದು ಎರಡೂವರೆ ಅಡಿ ಸಂದಿ.

ಆ ಮನೆಯಲ್ಲಿ ಎಪ್ಪತ್ತು ದಾಟಿದ ಆಂಟಿ ಒಬ್ಬರೇ ಇದ್ದಾರೆ. ಮಗ ಪುಣೆಯಲ್ಲಿ. ವಿಷಯ ಹೇಳೋಕೆ ಹೋದಾಗ ಕಾಫಿ ಕೊಟ್ಟು ಒಂದೇ ಮಾತು ಕೇಳಿದರು: "ನೀನು ಕಟ್ಟಿಸ್ಕೊಳಪ್ಪ, ಬೇಡ ಅನ್ನಲ್ಲ. ನಮ್ಮ ಗೋಡೆ ಬಿರುಕು ಬಿಟ್ರೆ ನಾನು ಯಾರನ್ನ ಕೇಳ್ಲಿ?" ಕಂಟ್ರಾಕ್ಟರ್‌ನ ಕೇಳಿದರೆ "ಇನ್ಶೂರೆನ್ಸ್ ಇದೆ ಸಾರ್, ತಲೆ ಕೆಡಿಸ್ಕೋಬೇಡಿ" ಅಂದರು. ಕಾಪಿ ಕಳಿಸಿ ಅಂದದ್ದಕ್ಕೆ ಬಂದಿದ್ದು ಡಬ್ಲ್ಯೂಸಿ ಪಾಲಿಸಿ, ಕೆಲಸಗಾರರಿಗೆ ಮಾಡಿಸೋದು. ಆಂಟಿ ಮನೆಗೆ ಅದರಿಂದ ಏನಾದರೂ ಬರುತ್ತಾ? ಬರದಿದ್ದರೆ ಬೇರೆ ಏನು ಮಾಡಿಸಬೇಕು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ಮಳೆಗಾಲಕ್ಕೆ ಮುಂಚೆ ಪಾಯ ಎತ್ತಬೇಕು ಅಂತಿದ್ದೀನಿ.

ವಿಮಾ ಸರ್ವೇಯರ್

ಕ್ಲೇಮು ಬಂದ ಮೇಲೆ ಜಾಗಕ್ಕೆ ಹೋಗಿ ನಷ್ಟ ಲೆಕ್ಕ ಹಾಕೋದು ನನ್ನ ವೃತ್ತಿ. ನಿಮ್ಮ ಕಂಟ್ರಾಕ್ಟರ್ ಕಳಿಸಿರೋದು ಕೆಲಸದವರು ಸೆಂಟ್ರಿಂಗ್ ಮೇಲಿಂದ ಬಿದ್ದರೆ ಬರೋ ಪಾಲಿಸಿ. ಅದು ಬೇಕೇ ಬೇಕು. ಆದರೆ ಪಕ್ಕದ ಮನೆಗೆ ಅದರಿಂದ ಒಂದು ಪೈಸೆ ಬರಲ್ಲ.

ನೀವು ಕೇಳಬೇಕಾದ್ದು ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ. ಅದರ ಮೊದಲನೇ ಭಾಗ ಕಟ್ಟುತ್ತಿರೋ ಕೆಲಸಕ್ಕೇ ಆಗೋ ಹಾನಿಗೆ. ಎರಡನೇ ಭಾಗ ಥರ್ಡ್ ಪಾರ್ಟಿ ಹೊಣೆಗೆ: ಅಕ್ಕಪಕ್ಕದವರ ಆಸ್ತಿ, ರಸ್ತೇಲಿ ಹೋಗೋರ ಪೆಟ್ಟು, ಪ್ರಾಣ. ಎರಡನೇ ಭಾಗ ಇದೆ ಅಂತ ಗೊತ್ತಾದ ತಕ್ಷಣ ಬಹಳ ಜನ ನೆಮ್ಮದಿಯಾಗಿಬಿಡ್ತಾರೆ. ದಯವಿಟ್ಟು ಅಲ್ಲಿಗೆ ನಿಲ್ಲಿಸಬೇಡಿ, ಹೊರಗಿಟ್ಟಿರೋ ವಿಷಯಗಳ ಪುಟ ತೆಗೀರಿ. ಕಂಪನದಿಂದಾಗಲಿ, ಆಸರೆ ತೆಗೆದಿದ್ದರಿಂದ ಅಥವಾ ಸಡಿಲ ಆಗಿದ್ದರಿಂದಾಗಲಿ ನೆಲಕ್ಕೆ, ಕಟ್ಟಡಕ್ಕೆ ಆದ ಹಾನಿಗೆ ಕಂಪನಿ ಕೊಡಲ್ಲ ಅಂತ ಇರುತ್ತೆ. ನಿಮ್ಮ ಕೆಲಸ ನೋಡಿ. ಬ್ರೇಕರ್ (ಕಾಂಕ್ರೀಟ್, ಗೋಡೆ ಒಡೆಯೋ ಯಂತ್ರ) ಹೊಡೆಯೋದು ಕಂಪನ. ಪಕ್ಕದ ಪಾಯದ ಬದಿ ಮಣ್ಣು ತೆಗೆಯೋದು ಆಸರೆ ತೆಗೆಯೋದು. ಆಂಟಿ ಮನೆಗೆ ಏಟು ಬೀಳಬಹುದಾದ ಎರಡು ದಾರಿಯೂ ಪಾಲಿಸಿಯಿಂದ ಹೊರಗಾಯಿತು. ಸೆಂಟ್ರಿಂಗ್ ಪೋಲು ಜಾರಿ ಅವರ ಶೀಟಿನ ಮೇಲೆ ಬಿದ್ದರೆ ಬರುತ್ತೆ, ಗೋಡೆ ಕೂತರೆ ಬರಲ್ಲ.

ಹೆಚ್ಚಿನ ಪ್ರೀಮಿಯಂ ಕಟ್ಟಿ ಇದನ್ನ ಒಳಗೆ ಸೇರಿಸಿಕೊಳ್ಳಬಹುದು. 'ವೈಬ್ರೇಷನ್, ರಿಮೂವಲ್ ಆರ್ ವೀಕನಿಂಗ್ ಆಫ್ ಸಪೋರ್ಟ್' ಅನ್ನೋ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸೋ ಹೆಚ್ಚುವರಿ ಷರತ್ತಿನ ಪುಟ, ಜರ್ಮನಿಯ ವಿಮಾ ಕಂಪನಿ ಮ್ಯೂನಿಕ್ ರೀ ಮಾದರಿಯಲ್ಲಿ 120ನೇ ನಂಬರು. ಆದರೆ ಆ ಅರ್ಧ ಪುಟವನ್ನ ನಿಧಾನವಾಗಿ ಓದಿ. ಪಕ್ಕದ ಕಟ್ಟಡ ಪೂರ್ತಿ ಅಥವಾ ಭಾಗಶಃ ಕುಸಿದರೆ ಮಾತ್ರ ಕೊಡ್ತಾರೆ. ಕಟ್ಟಡದ ಭದ್ರತೆಗೂ ವಾಸ ಮಾಡೋರಿಗೂ ತೊಂದರೆ ಇಲ್ಲದ ಮೇಲ್ಮೈ ಬಿರುಕಿಗೆ ಕೊಡಲ್ಲ. ಕೆಲಸ ಶುರುವಾಗೋಕೆ ಮುಂಚೆ ಆ ಕಟ್ಟಡ ಗಟ್ಟಿಯಾಗಿತ್ತು ಅನ್ನೋದೂ, ನೀವು ಮುಂಜಾಗ್ರತೆ ತೆಗೆದುಕೊಂಡಿದ್ದಿರಿ ಅನ್ನೋದೂ ಷರತ್ತು. ಕಂಪನಿ ಕೇಳಿದರೆ ಆ ಸ್ಥಿತಿಯ ವರದಿಯನ್ನ ನಿಮ್ಮ ಖರ್ಚಿನಲ್ಲೇ ಮಾಡಿಸಿ ಕೊಡಬೇಕು.

ಒಟ್ಟಿನಲ್ಲಿ ದೊಡ್ಡ ಅನಾಹುತಕ್ಕೆ ಇನ್ಶೂರೆನ್ಸ್. ಗಾರೆ ಬಿರುಕಿಗೆ ನಿಮ್ಮಿಬ್ಬರ ಮಧ್ಯದ ಕಾಗದವೇ ಗತಿ. ಎರಡನ್ನೂ ಬ್ರೇಕರ್ ಇಳಿಯೋಕೆ ಮುಂಚೆ ಮುಗಿಸಿಕೊಳ್ಳಿ.

ಮೈಸೂರು ಕಂಟ್ರಾಕ್ಟರ್

ಸರ್ವೇಯರ್ ಸಾರ್ ಹೇಳಿದ್ದು ಸರಿ. ಆದರೆ ಸಣ್ಣ ಕೆಲಸಕ್ಕೆ ಈ ಪಾಲಿಸಿ ಕೇಳಿಕೊಂಡು ಹೋದರೆ ಏಜೆಂಟರೇ ಆಸಕ್ತಿ ತೋರಿಸಲ್ಲ. ಮನೆ ಮಾಲೀಕರೂ ಅಷ್ಟೆ, ಟೈಲ್ಸಿಗೆ ಚದರಡಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಡ್ತಾರೆ, ಪ್ರೀಮಿಯಂ ಅಂದರೆ ಮುಖ ತಿರುಗಿಸ್ತಾರೆ. ಹಾಗಾಗಿ ಎಸ್ಟಿಮೇಟಲ್ಲಿ ಅದನ್ನ ಬೇರೆ ಸಾಲಾಗಿ ಬರೆದು ಮಾಲೀಕರೇ ಕೊಡೋ ಹಾಗೆ ಮಾಡಿಕೊಳ್ಳಿ. ಕಂಟ್ರಾಕ್ಟರ್ ಜೇಬಿಂದ ಬರಲಿ ಅಂದರೆ ಅದು ಬರಲ್ಲ.

ಇನ್ಶೂರೆನ್ಸ್‌ಗಿಂತ ಮೊದಲು ಮಾಡೋ ಕೆಲಸ ಒಂದಿದೆ. ಸಂದಿಯಲ್ಲಿ ಎರಡಡಿ ಅಗಲದ ಸಣ್ಣ ಗುಂಡಿ ಕೈಯಲ್ಲಿ ತೆಗೆಸಿ, ಪಕ್ಕದವರ ಪಾಯ ಎಷ್ಟು ಆಳಕ್ಕೆ ನಿಂತಿದೆ ಅಂತ ನೋಡಿ. ಆ ಕಾಲದ ಮನೆಗಳಲ್ಲಿ ಮೂರಡಿಗೇ ಗಟ್ಟಿ ಮಣ್ಣು ಸಿಕ್ಕಿತು ಅಂತ ನಿಲ್ಲಿಸಿರ್ತಾರೆ. ನೀವು ನಾಲ್ಕೂವರೆ ಅಡಿ ಇಳಿದು, ಅದರ ಕೆಳಗೆ ಫುಟಿಂಗ್‌ಗೆ ಮತ್ತೆ ತೋಡಿದರೆ ಅವರ ಪಾಯದ ಅಡಿಗಿಂತ ಕೆಳಗೆ ಹೋದ ಹಾಗೆ. ಆಗ ಅವರ ಗೋಡೆ ಭಾರ ನಿಮ್ಮ ಗುಂಡಿ ಕಡೆ ನೂಕುತ್ತೆ.

ಇಳಿಯಲೇಬೇಕು ಅಂದರೆ ಆ ಬದಿಗೆ ಜೆಸಿಬಿ ಬಿಡಬೇಡಿ. ನಾಲ್ಕು ನಾಲ್ಕು ಅಡಿ ಭಾಗ ಮಾಡಿ, ಒಂದು ಬಿಟ್ಟು ಒಂದು ಕೈಯಲ್ಲಿ ತೋಡಿಸಿ. ತೋಡಿದ ಭಾಗಕ್ಕೆ ಕಾಂಕ್ರೀಟ್ ಹಾಕಿ ಗೋಡೆ ಎತ್ತಿದ ಮೇಲೆ ಮಾತ್ರ ಬಿಟ್ಟ ಭಾಗಕ್ಕೆ ಕೈ ಹಾಕಿ. ಗುಂಡಿ ತೆರೆದು ವಾರಗಟ್ಟಲೆ ಬಿಡಬೇಡಿ. ಮಳೆನೀರು ಒಳಗೆ ನಿಂತರೆ ಮಣ್ಣು ಗಂಜಿಯಾಗುತ್ತೆ, ಅಲ್ಲಿಂದ ಮುಂದೆ ಯಾರ ಕೈಯಲ್ಲೂ ಇಲ್ಲ. ತೋಡೋಕೆ ಐಎಸ್ 3764, ಕೆಡವೋಕೆ ಐಎಸ್ 4130 ಅಂತ ಭಾರತೀಯ ಮಾನಕದ (ಐಎಸ್) ಸುರಕ್ಷತೆ ನಿಯಮಗಳಿವೆ. ನಿಮ್ಮ ಇಂಜಿನಿಯರ್‌ಗೆ ಅದರ ಪ್ರಕಾರ ಒಂದು ಪುಟದ ವಿಧಾನ ಬರೆದುಕೊಡಿ ಅಂತ ಕೇಳಿ. ಮುಂಜಾಗ್ರತೆ ತೆಗೆದುಕೊಂಡಿದ್ದಿರಿ ಅನ್ನೋದಕ್ಕೆ ನಾಳೆ ಅದೇ ದಾಖಲೆ.

ರಾಜಾಜಿನಗರದವಳು

ನಾನು ಆ ಆಂಟಿ ಜಾಗದಲ್ಲಿ ಇದ್ದವಳು, ಅದಕ್ಕೇ ಬರೀತಿದ್ದೀನಿ. ಪಕ್ಕದ ಸೈಟಲ್ಲಿ ಬ್ರೇಕರ್ ಶುರುವಾದಾಗ ಅಡುಗೆಮನೆ ಸ್ಟ್ಯಾಂಡಲ್ಲಿ ಲೋಟಗಳು ಒಂದಕ್ಕೊಂದು ತಾಗಿ ದಿನವಿಡೀ ಸದ್ದು. ಆಮೇಲೆ ದೇವರ ಮನೆ ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಬಿರುಕು ಬಂತು. ಮೊದಲು ಕೂದಲೆಳೆಯಷ್ಟು, ಕೊನೆಗೆ ಒಂದು ರೂಪಾಯಿ ನಾಣ್ಯ ನಿಲ್ಲೋಷ್ಟು. ಹಿಂಬಾಗಿಲು ಚೌಕಟ್ಟಿಗೆ ಕೂರದೆ ಚಿಲಕ ಹಾಕೋಕಾಗ್ತಿರಲಿಲ್ಲ.

ಮಾಲೀಕರು ಕಂಟ್ರಾಕ್ಟರ್‌ನ ಕೇಳಿ ಅಂದರು. ಕಂಟ್ರಾಕ್ಟರ್ "ನಿಮ್ಮದು ಹಳೇ ಮನೆ, ಮೊದಲೇ ಇತ್ತು" ಅಂದ. ಮೊದಲು ಇರಲಿಲ್ಲ ಅಂತ ತೋರಿಸೋಕೆ ನನ್ನ ಹತ್ತಿರ ಇದ್ದಿದ್ದು ಗೃಹಪ್ರವೇಶದ ಆಲ್ಬಮ್ ಮಾತ್ರ. ನಮ್ಮ ಮನೆಗೂ ಇನ್ಶೂರೆನ್ಸ್ ಇತ್ತು, ಭಾರತ್ ಗೃಹ ರಕ್ಷಾ. ನೆಲ ಕುಸಿತ ಅದರಲ್ಲಿ ಸೇರಿದೆ ಅಂತ ಅರ್ಜಿ ಹಾಕಿದೆವು, ತಿರಸ್ಕಾರ ಆಯ್ತು. ಇದನ್ನ ಓದೋ ಯಾರಾದರೂ ಪಕ್ಕದಲ್ಲಿ ಮನೆ ಒಡೀತಿದ್ದಾರೆ ಅಂದರೆ ಇವತ್ತೇ ಮೊಬೈಲ್ ಹಿಡಿದು ನಿಮ್ಮ ಪ್ರತಿ ಗೋಡೆ, ಸೀಲಿಂಗು, ಕಾಂಪೌಂಡು, ಸಂಪು ವಿಡಿಯೋ ಮಾಡಿಕೊಳ್ಳಿ. ನಮ್ಮ ನೆಮ್ಮದಿ ಹಾಳು ಮಾಡಿದ್ದು ಬಿರುಕಿಗಿಂತ ಹೆಚ್ಚಾಗಿ ಸಾಕ್ಷಿ ಇಲ್ಲದ್ದು.

ವಿಮಾ ಸರ್ವೇಯರ್

ಮೇಡಂ, ನಿಮಗಾಗಿದ್ದು ಕೇಳಿ ಬೇಸರ ಆಯಿತು. ಕಾರಣ ಹೇಳ್ತೀನಿ, ಬೇರೆಯವರಿಗೂ ಗೊತ್ತಾಗಲಿ. 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಕೊಡಬೇಕು ಅಂತ ಬಂದ ಮನೆ ವಿಮೆ ಅದು. ಮನೆ ನಿಂತ ನೆಲ ಕುಸಿದರೆ, ಗುಡ್ಡ ಜರಿದರೆ ಅದರಲ್ಲಿ ಬರುತ್ತೆ. ಆದರೆ ಯಾವುದೇ ಆಸ್ತಿಯ ಕೆಡವುವಿಕೆ, ಕಟ್ಟುವಿಕೆ, ರಿಪೇರಿ, ಅಗೆತದಿಂದ ಆ ಕುಸಿತ ಆಗಿದ್ದರೆ ಇಲ್ಲ ಅಂತ ಪಕ್ಕದಲ್ಲೇ ಬರೆದಿದೆ. ಪಕ್ಕದವರ ಅಗೆತ ಅನ್ನೋದು ನಿಮ್ಮ ಪಾಲಿಸಿಗೂ ಹೊರಗೆ, ಎಂಡಾರ್ಸ್‌ಮೆಂಟ್ ಇಲ್ಲದಿದ್ದರೆ ಅವರ ಪಾಲಿಸಿಗೂ ಹೊರಗೆ. ಇಬ್ಬರೂ ಪ್ರೀಮಿಯಂ ಕಟ್ಟಿ ಇಬ್ಬರಿಗೂ ಏನೂ ಬರದಿರೋದು ಹೀಗೆ.

ವಕೀಲೆ, ಬೆಂಗಳೂರು

'ಕಂಟ್ರಾಕ್ಟರ್‌ನ ಕೇಳಿ' ಅಂತ ಮಾಲೀಕರು ಕೈ ತೊಳೆದುಕೊಳ್ಳೋದು ಕಾನೂನಿನಲ್ಲಿ ಅಷ್ಟು ಸುಲಭ ಅಲ್ಲ. ಪಕ್ಕದ ಆಸ್ತಿಯ ಮೇಲಿನ ಹಕ್ಕುಗಳ ಬಗ್ಗೆ ಇರೋ 1882ರ ಈಸ್‌ಮೆಂಟ್ಸ್ ಆಕ್ಟ್‌ನ 7ನೇ ಸೆಕ್ಷನ್ ಪ್ರಕಾರ ಒಬ್ಬರ ಜಮೀನಿಗೆ ಪಕ್ಕದ ಜಮೀನಿನ ಮಣ್ಣು ಸಹಜವಾಗಿ ಕೊಡುವ ಆಸರೆ ಅವರ ಹಕ್ಕು. ಅದು ಬರಿಯ ನೆಲದ ಮಾತು. ನೆಲದ ಮೇಲೆ ಮನೆಯ ಭಾರ ಇದ್ದಾಗ 15ನೇ ಸೆಕ್ಷನ್ ಬರುತ್ತೆ: ಇಪ್ಪತ್ತು ವರ್ಷ ತಂಟೆಯಿಲ್ಲದೆ ಆ ಆಸರೆ ಪಡೆದುಕೊಂಡು ಬಂದಿದ್ದರೆ ಅದೂ ಹಕ್ಕಾಗುತ್ತೆ. ಹನುಮಂತನಗರದ ಆಂಟಿ ಮನೆ ಆ ಗಡಿ ಯಾವತ್ತೋ ದಾಟಿದೆ.

ಕಂಟ್ರಾಕ್ಟರ್ ಮಾಡಿದ್ದಕ್ಕೆ ನಾನು ಹೊಣೆಯಲ್ಲ ಅನ್ನೋ ವಾದ ಹಳೆಯದು. 1876ರಲ್ಲೇ ಇಂಗ್ಲೆಂಡಿನ ಬೋವರ್ ವರ್ಸಸ್ ಪೀಟ್ ಕೇಸಲ್ಲಿ ಕೋರ್ಟು ಅದನ್ನ ಒಪ್ಪಲಿಲ್ಲ. ಆಸರೆಗೆ ಹಕ್ಕಿದ್ದ ಪಕ್ಕದ ಮನೆಗೆ ಅಗೆತದಿಂದ ಹಾನಿಯಾಗಿತ್ತು. ಅಪಾಯ ಇರುವ ಕೆಲಸವನ್ನ ಮಾಡಿಸುವವರು ಅದನ್ನ ತಡೆಯುವ ಹೊಣೆಯನ್ನ ಬೇರೆಯವರ ತಲೆಗೆ ಕಟ್ಟಿ ಪಾರಾಗೋಕಾಗಲ್ಲ ಅನ್ನೋದು ಆ ತೀರ್ಪಿನ ಸಾರ. ನಮ್ಮಲ್ಲೂ ವಾದಿಸುವಾಗ ಈ ತತ್ವ ನೆರವಿಗೆ ಬರುತ್ತೆ.

ಹಾಗಂತ ಹಾನಿಯಾದ ಮೇಲೆ ಪರಿಹಾರಕ್ಕೆ ದಾವೆ ಹಾಕಿಕೊಂಡು ಕೂರಿ ಅಂತ ನಾನು ಹೇಳಲ್ಲ. ಸಿವಿಲ್ ದಾವೆ ಮುಗಿಯೋದು ಯಾವಾಗಲೋ. ಕೆಲಸ ನಡೀತಿರುವಾಗಲೇ ಅಪಾಯ ಕಂಡರೆ ಪಾಲಿಕೆಗೆ ಬರಹದಲ್ಲಿ ದೂರು ಕೊಡಿ, ಕೋರ್ಟಿಂದ ತಡೆಯಾಜ್ಞೆ ಕೇಳಿ. 2020ರ ಜುಲೈನಲ್ಲಿ ಮೆಜೆಸ್ಟಿಕ್ ಹತ್ತಿರ ಹಳೇ ಕಪಾಲಿ ಥಿಯೇಟರ್ ಜಾಗದಲ್ಲಿ ಬೇಸ್‌ಮೆಂಟ್‌ಗೆ ಅಗೆದ ಗುಂಡಿ ಪಕ್ಕದ ಕಟ್ಟಡಗಳೇ ಕುಸಿದಿದ್ದು ನೆನಪಿರಬಹುದು. ಜನರನ್ನ ಖಾಲಿ ಮಾಡಿಸಿದ್ದರಿಂದ ಜೀವ ಉಳೀತು. ಗುಂಡಿ ಬಾಯಿ ತೆರೆದಿರುವಾಗ ದೂರು ಕೊಡೋಕೆ ಹಿಂಜರೀಬೇಡಿ.

ಹುಬ್ಬಳ್ಳಿ ಓಣಿ

ನಮ್ಮ ಹಳೇ ಹುಬ್ಬಳ್ಳ್ಯಾಗ ಎರಡೂವರೆ ಫೂಟು ಸಂದಿ ಎಲ್ಲಿ ಬಂತ್ರಿ, ಗ್ವಾಡಿನೇ ಒಂದ ಇರ್ತೈತಿ. ಅಣ್ಣತಮ್ಮರು ಪಾಲಾದಾಗ ನಡುವಿನ ಗ್ವಾಡಿ ಸಾಮಾಯಿಕ ಅಂತ ಬರದಾರ. ನನ್ನ ಪಾಲಿನ ಮನಿ ಕೆಡವಿ ಕಟ್ಟಬೇಕಂದ್ರ ಆ ಗ್ವಾಡಿ ಮ್ಯಾಲಿನ ನಮ್ಮ ತೊಲಿ ತಗೀಬೇಕು. ಆ ಕಡೆಯಿಂದ ನಮ್ಮಣ್ಣನ ತೊಲಿನೂ ಅದ ಗ್ವಾಡ್ಯಾಗ ಕುಂತಾವ. ಮಣ್ಣಿನ ಗ್ವಾಡಿ, ಒಂದು ಬಾಜೂ ಸಡಲ ಆದ್ರ ಇನ್ನೊಂದು ಬಾಜೂ ನಿಲ್ಲಂಗಿಲ್ಲ.

ನನ್ನ ಪ್ರಶ್ನೆ ಇಷ್ಟ ರೀ: ನಮ್ಮಣ್ಣನ ಮನಿ ಥರ್ಡ್ ಪಾರ್ಟಿ ಆಗ್ತೈತೋ ಇಲ್ಲೋ? ಉತಾರದಾಗ (ಆಸ್ತಿ ದಾಖಲೆ ಒಳಗ) ಇನ್ನೂ ಇಬ್ಬರ ಹೆಸರೂ ಕೂಡೇ ಐತಿ.

ವಿಮಾ ಸರ್ವೇಯರ್

ಒಳ್ಳೇ ಪ್ರಶ್ನೆ ಕೇಳಿದಿರಿ. ಪಾಲಿಸಿ ಮಾಡಿಸಿದವರದೇ ಆಸ್ತಿ ಥರ್ಡ್ ಪಾರ್ಟಿ ಭಾಗದಲ್ಲಿ ಬರಲ್ಲ. ಉತಾರದಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಇದ್ದರೆ "ಇದು ನಿಮ್ಮದೇ ಆಸ್ತಿ" ಅಂತ ಕಂಪನಿ ಹೇಳೋ ಸಾಧ್ಯತೆ ಬಹಳ. ಪಾಲುಪತ್ರ ರಿಜಿಸ್ಟರ್ ಆಗಿ ಉತಾರ ಬೇರೆ ಆದ ಮೇಲೆ ಕೆಲಸಕ್ಕೆ ಕೈ ಹಾಕೋದು ಒಳ್ಳೇದು. ಅಷ್ಟು ಕಾಯೋಕಾಗಲ್ಲ ಅಂದರೆ ಪಾಲಿಸಿಯ ಅರ್ಜಿಯಲ್ಲೇ ಈ ವಿಷಯ ಬರೆದು, ಮಾಲೀಕರ ಸುತ್ತಲಿನ ಆಸ್ತಿಗೆ ಅಂತ ಇರೋ ಬೇರೆ ಆಡ್-ಆನ್‌ನಲ್ಲಿ ಅಣ್ಣನ ಮನೆಯ ಬೆಲೆ ತೋರಿಸಿ. ಹನುಮಂತನಗರದವರೂ ಇದನ್ನ ಗಮನಿಸಿ. ಕೆಡವದೆ ಉಳಿಸಿಕೊಂಡಿರೋ ನಿಮ್ಮ ಹಿಂದಿನ ಭಾಗವೂ ಆ ಆಡ್-ಆನ್ ಇಲ್ಲದೆ ಪಾಲಿಸಿಗೆ ಸೇರಲ್ಲ.

ಹ್ಯಾರೋ ಕನ್ನಡತಿ

ಲಂಡನ್ ಹತ್ತಿರ ಹ್ಯಾರೋದಲ್ಲಿ ನಮ್ಮದು ಅಂಟಿಕೊಂಡ ಜೋಡಿ ಮನೆ, ಮಧ್ಯದ ಗೋಡೆ ಇಬ್ಬರದೂ. ಹಿಂಭಾಗಕ್ಕೆ ಅಡುಗೆಮನೆ ವಿಸ್ತರಿಸಿದೆವು. ಇಲ್ಲಿ 1996ರ ಪಾರ್ಟಿ ವಾಲ್ ಕಾಯಿದೆ ಇದೆ. ಪಕ್ಕದವರ ಕಟ್ಟಡದಿಂದ ಮೂರು ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳಕ್ಕೆ ಅಗೆಯೋದಾದರೆ ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಹದಿನಾಲ್ಕು ದಿನದಲ್ಲಿ ಅವರು ಒಪ್ಪದಿದ್ದರೆ ವಿವಾದ ಅಂತ ಲೆಕ್ಕ, ಕಟ್ಟಡ ಪರಿಶೀಲಿಸೋ ಸರ್ವೇಯರ್ ನೇಮಿಸಬೇಕು. ನಮ್ಮ ಪಕ್ಕದವರ ಮನೆಗೆ ಸರ್ವೇಯರ್ ಬಂದು ಕೋಣೆ ಕೋಣೆ ನೋಡಿ, ಇರೋ ಬಿರುಕನ್ನೆಲ್ಲ ಫೋಟೋ ಸಮೇತ ಬರೆದುಕೊಂಡು ಹೋದರು. ಕೆಲಸ ಮುಗಿದ ಮೇಲೆ ಅದೇ ಪಟ್ಟಿ ಹಿಡಿದು ಮತ್ತೆ ನೋಡಿದರು. ಜಗಳಕ್ಕೆ ಜಾಗವೇ ಉಳಿಯಲಿಲ್ಲ. ಕಾನೂನು ಹೇಳದಿದ್ದರೂ ಇದನ್ನ ನಮ್ಮೂರಲ್ಲಿ ಯಾರು ಬೇಕಾದರೂ ಮಾಡಬಹುದು.

ಇನ್ನೊಂದು ವಿಷಯ. ಕಂಟ್ರಾಕ್ಟರ್ ತಪ್ಪೇ ಇಲ್ಲದೆ ಪಕ್ಕದ ಕಟ್ಟಡಕ್ಕೆ ಹಾನಿಯಾದರೆ? 1958ರಲ್ಲಿ ಇಲ್ಲಿ ಗೋಲ್ಡ್ ವರ್ಸಸ್ ಪ್ಯಾಟ್‌ಮನ್ ಅನ್ನೋ ಕೇಸು. ಪೈಲಿಂಗ್ ಕೆಲಸದಿಂದ ಪಕ್ಕದ ಕಟ್ಟಡ ಹಾಳಾಯಿತು, ಹೊಣೆ ಮಾಲೀಕರ ಮೇಲೆ ಬಂತು. ಮಾಲೀಕರಿಗೂ ವಿಮೆ ಮಾಡಿಸಬೇಕಾದ ಕರಾರು ಕಂಟ್ರಾಕ್ಟರ್‌ಗೆ ಇರಲಿಲ್ಲ ಅಂತ ಕೋರ್ಟು ಹೇಳಿತು. ಆಮೇಲೆ ಇಲ್ಲಿನ ಕಟ್ಟಡ ಕರಾರುಗಳಲ್ಲಿ ಅದಕ್ಕೇ ಬೇರೆ ವಿಮೆಯ ಕಲಮು ಸೇರಿತು, ಈಗ ಜೆಸಿಟಿ ಅನ್ನೋ ಮಾದರಿ ಕಟ್ಟಡ ಕರಾರಿನಲ್ಲಿ ಅದು 6.5.1. ಮನೆ ಮಾಲೀಕರೇ, ಪಾಲಿಸಿಯಲ್ಲಿ ನಿಮ್ಮ ಹೆಸರೂ ಜಂಟಿಯಾಗಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಮಾರತ್‌ಹಳ್ಳಿ ಫ್ಲ್ಯಾಟ್

ಫ್ಲ್ಯಾಟಲ್ಲಿರೋರಿಗೆ ಕಾಟ ಕೊಡೋದು ನೀರು. ಮೇಲಿನ ಮನೆಯವರು ಬಾತ್‌ರೂಮ್ ಟೈಲ್ಸ್ ಕಿತ್ತು ಹೊಸದು ಹಾಕಿಸಿದರು, ಸಂಕನ್ ಸ್ಲ್ಯಾಬಿನ (ಪೈಪಿಗಾಗಿ ತಗ್ಗಿಸಿದ ಬಾತ್‌ರೂಮ್ ನೆಲದ) ಹಳೇ ವಾಟರ್‌ಪ್ರೂಫಿಂಗ್ ಬ್ರೇಕರ್‌ಗೆ ಹರಿದು ಹೋಗಿತ್ತು, ನಮ್ಮ ಸೀಲಿಂಗ್ ಒಸರೋಕೆ ಶುರು. ಪೈಪ್ ಒಡೆದು ನೀರು ನುಗ್ಗಿದರೆ ನಮ್ಮ ಮನೆ ವಿಮೆ ಬರುತ್ತೆ, ಈ ಥರ ನಿಧಾನಕ್ಕೆ ಒಸರಿದ್ದಕ್ಕೆ ಬರಲ್ಲ ಅಂದರು. ಈಗ ನಮ್ಮ ಅಸೋಸಿಯೇಷನ್‌ನಲ್ಲಿ ಹೊಸ ಟೈಲ್ಸ್ ಕೂರಿಸೋ ಮುಂಚೆ ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗಿನ ಮನೆಯವರು ನೋಡಿ ಸಹಿ ಹಾಕಬೇಕು. ಕೆಲಸ ಮಾಡಿಸೋರಿಂದ ತಗೊಂಡ ಡಿಪಾಸಿಟ್ ವಾಪಸ್ ಕೊಡೋದು ಒಂದು ಮಳೆಗಾಲ ಕಳೆದ ಮೇಲೆ.

ಮಂಗಳೂರು ಕಡೆಯವರು

ನಮ್ಮಲ್ಲಿ ಗುಡ್ಡ ಕಡಿದು ಮನೆ ಕಟ್ಟುವುದು. ಕೆಳಗಿನ ಜಾಗದವರು ಅಂಗಳ ದೊಡ್ಡದು ಮಾಡ್ಲಿಕ್ಕೆ ಬರೆ (ಗುಡ್ಡದ ಇಳಿಜಾರು) ಕಡಿದರೆ ಮೇಲಿನ ಮನೆಗೆ ಅಪಾಯ ಬರುವುದು ಜೂನ್, ಜುಲೈಯಲ್ಲಿ. ಆಗ ಕೆಲಸ ಮುಗಿದು ಪಾಲಿಸಿ ಅವಧಿಯೂ ಮುಗಿದಿರ್ತದೆ ಮಾರಾಯ್ರೇ. ಅದಕ್ಕೆ ಏನಾದ್ರೂ ದಾರಿ ಉಂಟಾ?

ವಿಮಾ ಸರ್ವೇಯರ್

ಕೆಲಸದ ಅವಧಿಯಲ್ಲಿ ಆದ ಹಾನಿಗೆ ಮಾತ್ರ ಥರ್ಡ್ ಪಾರ್ಟಿ ಭಾಗ ಅನ್ವಯಿಸೋದು. ತಡೆಗೋಡೆ ಎದ್ದು, ಹಿಂದೆ ಮಣ್ಣು ತುಂಬಿ, ನೀರು ಹೋಗೋ ತೂತುಗಳು ಕೆಲಸ ಮಾಡ್ತಿವೆ ಅಂತ ಗೊತ್ತಾಗೋವರೆಗೂ ಅವಧಿ ಇಟ್ಟುಕೊಳ್ಳಿ. ಕೆಲಸ ತಡ ಆದರೆ ಪಾಲಿಸಿ ಮುಗಿಯೋಕೆ ಮುಂಚೆ ವಿಸ್ತರಣೆ ಕೇಳಿ, ಮುಗಿದ ಮೇಲೆ ಕೇಳಿದರೆ ಕಷ್ಟ. ಕೆಲಸ ಮುಗಿದ ಮೇಲಿನ ಮೇಂಟೆನೆನ್ಸ್ ಅವಧಿಯ ಆಡ್-ಆನ್ ಅಂತ ಒಂದಿದೆ, ಅದು ಮುಖ್ಯವಾಗಿ ಕಟ್ಟಿದ ಕೆಲಸಕ್ಕೇ ಹೊರತು ಪಕ್ಕದವರಿಗಲ್ಲ.

ಹನುಮಂತನಗರದ ಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಮೈಸೂರಿನವರು ಹೇಳಿದ ಹಾಗೆ ಸಂದಿಯಲ್ಲಿ ತೋಡಿಸಿ ನೋಡಿದೆವು. ಆಂಟಿ ಮನೆ ಪಾಯ ಮೂರಡಿ ಚಿಲ್ಲರೆಗೇ ನಿಂತಿದೆ, ಕೆಳಗೆ ಕೆಂಪು ಮಣ್ಣು. ಇಂಜಿನಿಯರ್ ಜೊತೆ ಕೂತು ಪ್ಲಾನ್ ಬದಲಾಯಿಸಿದ್ದೀನಿ. ಪಾರ್ಕಿಂಗ್ ರಸ್ತೆ ಮಟ್ಟಕ್ಕೇ, ಸಂಪು ಬಲಗಡೆ ಖಾಲಿ ಜಾಗದ ಕಡೆಗೆ. ಹಾಗೆ ಮಾಡಿದರೂ ಎಡಗಡೆ ಕಾಲಮ್‌ಗಳಿಗೆ ತೋಡಲೇಬೇಕು, ಅದನ್ನ ಒಂದು ಬಿಟ್ಟು ಒಂದು ಕೈಯಲ್ಲೇ. ಪಾಲಿಸಿಗೆ ನನ್ನ ಹೆಸರು, ಕಂಟ್ರಾಕ್ಟರ್ ಹೆಸರು ಎರಡೂ ಹಾಕಿ, ಆ ಎಂಡಾರ್ಸ್‌ಮೆಂಟ್ ಸೇರಿಸಿ ಕೇಳಿದ್ದೀನಿ. ಕಂಪನಿಯವರು ಆಂಟಿ ಮನೆಯ ಸ್ಥಿತಿ ವರದಿ ಕೇಳಿದ್ದಾರೆ, ಅದನ್ನೂ ಮಾಡಿಸ್ತಿದ್ದೀನಿ.

ಒಂದು ಅನುಮಾನ. ಕಂಪನಿಗೆ ಹೇಳದೆ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡ್ತೀನಿ ಅಂತ ಮಾತು ಕೊಡಬಾರದು ಅಂತ ಪಾಲಿಸಿಯಲ್ಲಿದೆ. ಗಾರೆ ಬಿರುಕಾದರೆ ನಾನೇ ಸರಿಮಾಡಿಸಿಕೊಡ್ತೀನಿ ಅಂತ ಆಂಟಿಗೆ ಕಾಗದ ಬರೆದುಕೊಟ್ಟರೆ ಪಾಲಿಸಿಗೆ ತೊಂದರೆ ಆಗುತ್ತಾ?

ವಿಮಾ ಸರ್ವೇಯರ್

ಆ ಕಾಗದದ ಕರಡನ್ನ ಪಾಲಿಸಿಗೆ ಮುಂಚೆಯೇ ಕಂಪನಿಗೆ ಕಳಿಸಿ, ಅವರ ಒಪ್ಪಿಗೆ ಇಮೇಲ್‌ನಲ್ಲಿ ತಗೊಳ್ಳಿ. ಪಾಲಿಸಿಯಲ್ಲಿ ಬರದ ಸಣ್ಣ ಬಿರುಕಿನ ರಿಪೇರಿ ಮಾತ್ರ ನಿಮ್ಮ ಖರ್ಚು, ಅದಕ್ಕಿಂತ ಹೆಚ್ಚಿನದಕ್ಕೆ ಇಬ್ಬರೂ ಕೂಡಲೇ ಕಂಪನಿಗೆ ತಿಳಿಸೋದು ಅಂತ ಸ್ಪಷ್ಟವಾಗಿ ಬರೆಯಿರಿ. ಸಣ್ಣದು ಯಾವುದು, ದೊಡ್ಡದು ಯಾವುದು ಅನ್ನೋದನ್ನ ಕಂಟ್ರಾಕ್ಟರ್‌ಗೆ ಬಿಡದೆ ವರದಿ ಬರೆದ ಇಂಜಿನಿಯರ್ ತೀರ್ಮಾನಿಸಲಿ. ಹಳೇ ಬಿರುಕುಗಳ ಮೇಲೆ ತೆಳು ಗಾಜಿನ ಪಟ್ಟಿ ಅಡ್ಡಲಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತೆ. ಒಡೆದ ದಿನವೇ ಕೆಲಸ ನಿಲ್ಲಿಸಿ, ಫೋನ್ ಮಾಡಿ, ಕಂಪನಿ ನೋಡೋವರೆಗೂ ಗಾರೆ ಮೆತ್ತಬೇಡಿ. ಆದರೆ ಗೋಡೆಗೆ ಆಸರೆ ಕೊಡೋದಿದ್ದರೆ ಯಾರಿಗೂ ಕಾಯಬೇಡಿ, ಫೋಟೋ ತೆಗೆದು ಕೂಡಲೇ ಕೊಡಿ.

ವಕೀಲೆ, ಬೆಂಗಳೂರು

ಆಂಟಿಗೆ ಕೊಡೋ ಕಾಗದ ಕನ್ನಡದಲ್ಲೇ ಇರಲಿ, ಅವರೇ ಓದಿ ಸಹಿ ಹಾಕಲಿ. ಗೋಡೆ ಒರಗಿ ಅವರು ಮನೆ ಬಿಡಬೇಕಾಗಿ ಬಂದರೆ ಎಲ್ಲಿ ಇರ್ತಾರೆ, ಬಾಡಿಗೆ ಯಾರು ಕೊಡ್ತಾರೆ ಅನ್ನೋದನ್ನೂ ಒಂದು ಸಾಲು ಸೇರಿಸಿ. ಅದನ್ನ ಯಾರೂ ಬರೆಯಲ್ಲ, ಒಬ್ಬರೇ ಇರೋ ವಯಸ್ಸಾದವರಿಗೆ ಅದೇ ದೊಡ್ಡ ಚಿಂತೆ.

ರಾಜಾಜಿನಗರದವಳು

ಒಂದು ಪ್ರತಿ ಪುಣೆಯ ಮಗನಿಗೂ ಕಳಿಸಿ. ಏನಾದರೂ ಆದಾಗ ಆಂಟಿ ಮೊದಲು ಫೋನ್ ಮಾಡೋದು ಅವರಿಗೇ.

ಹನುಮಂತನಗರದ ಮನೆ

ಬಾಡಿಗೆ ಮಾತು ನನಗೆ ಹೊಳೆದೇ ಇರಲಿಲ್ಲ, ಸೇರಿಸ್ತೀನಿ. ಕರಡು ಇವತ್ತು ರಾತ್ರಿ ಕಂಪನಿಗೂ ಆಂಟಿ ಮಗನಿಗೂ ಹೋಗುತ್ತೆ. ಪಾಲಿಸಿ ಕೈಗೆ ಬಂದ ಮೇಲೆ ಎಂಡಾರ್ಸ್‌ಮೆಂಟ್ ಪುಟದ ಫೋಟೋ ಇಲ್ಲಿ ಹಾಕ್ತೀನಿ. ಸರ್ವೇಯರ್ ಸಾರ್, ಒಂದು ಸಲ ನೋಡಿ ಹೇಳಿ. ಅಲ್ಲಿವರೆಗೂ ಸೈಟಿಗೆ ಬ್ರೇಕರ್ ತರಬೇಡಿ ಅಂತ ಕಂಟ್ರಾಕ್ಟರ್‌ಗೆ ಹೇಳಿದ್ದೀನಿ.